ಮಗನ ಆಟದ ರೈಲು ಮತ್ತೆ ಜೋಡಿಸಲು ಆಗುತ್ತಿಲ್ಲ, ಗೊತ್ತಿದ್ದವರು ಹೇಳಿ (ಕಾರವಾರ)

ಕೋಡಿಬಾಗದ ಅಮ್ಮ · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎಂಟು ವರ್ಷ. ನನ್ನ ಅಣ್ಣ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಎರಡು ವರ್ಷದ ಹಿಂದೆ ರಜೆಗೆ ಬಂದಾಗ ಮಗನಿಗೆ ಒಂದು ರೈಲಿನ ಸೆಟ್ ತಂದುಕೊಟ್ಟ. ಸೆಲ್ ಹಾಕುವಂಥದ್ದಲ್ಲ. ಹಳಿಯಲ್ಲೇ ಕರೆಂಟ್ ಹರಿಯುತ್ತದೆ, ಒಂದು ಕಂಟ್ರೋಲರ್ ಇದೆ, ಗುಂಡಿ ತಿರುಗಿಸಿದರೆ ರೈಲು ಜೋರಾಗುತ್ತದೆ. ಎರಡು ಇಂಜಿನ್, ಐದು ಬೋಗಿ, ಎರಡು ಪಾಯಿಂಟ್ (ಒಂದು ಹಳಿ ಎರಡಾಗಿ ಕವಲೊಡೆಯುವ ತುಂಡು). ಅಣ್ಣನೇ ನಾಲ್ಕು ದಿನ ಕೂತು ಹಳಿ ಜೋಡಿಸಿಕೊಟ್ಟಿದ್ದ. ಮಗ ಅದನ್ನು "ನಮ್ಮ ಲೈನ್" ಎಂದೇ ಕರೆಯುತ್ತಿದ್ದ.

ಈ ಜುಲೈ ಮಳೆಯಲ್ಲಿ ಮನೆಯೊಳಗೆ ನೀರು ಬಂತು. ಗಡಿಬಿಡಿಯಲ್ಲಿ ಹಳಿ ಎಲ್ಲಾ ಕಿತ್ತು ಒಂದು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ. ರೈಲಿನ ಪೆಟ್ಟಿಗೆ ನೀರಿನಲ್ಲೇ ಉಳಿದುಹೋಯಿತು. ಜೋಡಿಸುವ ಚಿತ್ರದ ಹಾಳೆ ಅದರ ಜೊತೆಗೇ ಹೋಯಿತು. ಈಗ ಎಲ್ಲಾ ಒಣಗಿಸಿ ತೆಗೆದಿದ್ದೇನೆ. ಹಳಿಗೆ ತುಕ್ಕು ಬಂದಿದೆ. ಕೆಂಪು ಇಂಜಿನ್ ಟಕ್ ಟಕ್ ಎಂದು ಸದ್ದು ಮಾಡಿ ನಿಲ್ಲುತ್ತದೆ. ಹಳದಿಯದು ತಳ್ಳಿದರೆ ಸ್ವಲ್ಪ ದೂರ ಓಡುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಹಳಿಯದು. ಒಂದು ವಾರದಿಂದ ರಾತ್ರಿ ಮಗ ಮಲಗಿದ ಮೇಲೆ ಕೂತು ಜೋಡಿಸುತ್ತಿದ್ದೇನೆ. "ರೈಲು ಹೋಗಬೇಕು, ವಾಪಸ್ ಬರಬೇಕು, ಮೊದಲು ಹಾಗೇ ಇತ್ತು" ಎನ್ನುತ್ತಾನೆ. ಅದಕ್ಕೆ ಉದ್ದಕ್ಕೆ ಹೋಗಿ, ಕೊನೆಯಲ್ಲಿ ಗುಂಡಗೆ ಸುತ್ತಿ, ಪಾಯಿಂಟಿನಲ್ಲಿ ಅದೇ ಹಳಿಗೆ ಸೇರುವ ಹಾಗೆ ಮಾಡಿದೆ. ಕೊನೆಯ ತುಂಡು ಕೂಡಿಸಿದ ಕೂಡಲೇ ಕಂಟ್ರೋಲರಿನಲ್ಲಿ ಕೆಂಪು ದೀಪ ಬರುತ್ತದೆ. ಎಲ್ಲಾ ಬಂದ್. ಒಂದು ತುಂಡು ತೆಗೆದರೆ ಸರಿ. ಯಾವ ತುಂಡು ತೆಗೆದರೂ ಅದೇ ಕಥೆ.

ಅಣ್ಣ ಈಗ ಹಡಗಿನಲ್ಲಿದ್ದಾನೆ, ಫೋನ್ ಸಿಗುತ್ತಿಲ್ಲ. ಮಗ ದಿನಾ ಶಾಲೆಯಿಂದ ಬಂದು ಮೊದಲು ಆ ಕೋಣೆಗೇ ಹೋಗಿ ನೋಡುತ್ತಾನೆ. ಏನೂ ಹೇಳುವುದಿಲ್ಲ, ಸುಮ್ನೆ ಹೊರಗೆ ಬರುತ್ತಾನೆ. ನನಗೆ ಅದೇ ಕಷ್ಟ.

ಹೊನ್ನಾವರ ಅಪ್ಪ · ಶನಿವಾರ, ರಾತ್ರಿ 10:05

ಅಕ್ಕ, ನೀರು ಹೊಕ್ಕ ಕರೆಂಟಿನ ಸಾಮಾನು. ಇಷ್ಟು ಕಷ್ಟಪಡುವ ಬದಲು ಸೆಲ್ ಹಾಕುವ ಪ್ಲಾಸ್ಟಿಕ್ ಸೆಟ್ ಒಂದು ತಂದುಕೊಡಿ. ನನ್ನ ಮಗಳಿಗೆ ಅದೇ ಕೊಟ್ಟಿದ್ದೇನೆ. ಶಾರ್ಟ್ ಇಲ್ಲ, ತುಕ್ಕಿಲ್ಲ. ಮಕ್ಕಳು ಹೊಸದಕ್ಕೆ ಬೇಗ ಹೊಂದಿಕೊಳ್ಳುತ್ತಾರೆ. ಗೋಡೆಗೆ ಹಾಕುವ ಅಡಾಪ್ಟರ್ ನೀರಲ್ಲಿ ನೆನೆದಿದ್ದರೆ ಅದನ್ನಂತೂ ಬಳಸಲೇಬೇಡಿ. ಅದು 230 ವೋಲ್ಟಿನ ವಿಷಯ.

ಕೋಡಿಬಾಗದ ಅಮ್ಮ · ಶನಿವಾರ, ರಾತ್ರಿ 10:12

ಅಡಾಪ್ಟರ್ ಮೇಲಿನ ಗೂಡಿನಲ್ಲಿತ್ತು, ನೆನೆದಿಲ್ಲ. ನೆನಪಿಸಿದ್ದು ಒಳ್ಳೆಯದಾಯಿತು. ಹೊಸದು ಕೊಡಿಸುವ ಬಗ್ಗೆ ನಾನೂ ಯೋಚಿಸಿದೆ. ಕೇಳಿದೆ ಕೂಡ. "ಬೇಡ, ನಮ್ಮ ಲೈನ್ ಬೇಕು" ಎಂದ. ಮಾವ ತಂದದ್ದು, ಮಾವನ ಜೊತೆ ಕೂತು ಮಾಡಿದ್ದು. ಹೊಸದು ಬಂದರೆ ಅದೂ ಇರಲಿ, ಇದನ್ನು ಬಿಡಲು ಮನಸ್ಸಿಲ್ಲ.

ಸಿರಸಿ ರೈಲುಪ್ರೇಮಿ · ಶನಿವಾರ, ರಾತ್ರಿ 11:20

ಅಕ್ಕ, ನಮ್ಮೂರಿಗೆ ರೈಲೇ ಇಲ್ಲ. ಅದಕ್ಕೇ ಇರಬೇಕು, ಮನೆಯಲ್ಲಿ ರೈಲು ಓಡಿಸುವ ಹುಚ್ಚು ಹದಿನೈದು ವರ್ಷದಿಂದ ಇದೆ. ನಿಮ್ಮ ಕೆಂಪು ದೀಪದ ಕಾರಣ ನನಗೆ ಓದಿದ ತಕ್ಷಣ ಗೊತ್ತಾಯಿತು. ನೀವು ಜೋಡಿಸಿದ್ದರಲ್ಲಿ ಕೈತಪ್ಪು ಏನೂ ಇಲ್ಲ. ಆ ಆಕಾರವೇ ಹಾಗೆ.

ಹೇಳುತ್ತೇನೆ. ಈ ರೈಲು ಓಡುವುದು 12 ವೋಲ್ಟ್ ಡಿಸಿಯಲ್ಲಿ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಎಡಗಡೆಯ ಗಾಲಿಯಿಂದ ಕರೆಂಟ್ ಒಳಗೆ ಹೋಗಿ ಮೋಟಾರ್ ತಿರುಗಿಸಿ ಬಲಗಡೆಯ ಗಾಲಿಯಿಂದ ಹೊರಗೆ ಬರುತ್ತದೆ. ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ರೈಲು ಹಿಂದೆ ಹೋಗುತ್ತದೆ. ಎರಡು ಹಳಿ ಎಲ್ಲೂ ಒಂದಕ್ಕೊಂದು ತಾಗಬಾರದು, ಅಷ್ಟೇ ನಿಯಮ.

ಈಗ ಮನೆಯಲ್ಲಿ ಉಣ್ಣೆ ದಾರ ಇದ್ದರೆ ತೆಗೆದುಕೊಳ್ಳಿ. ಕೆಂಪು ಒಂದು, ಕಪ್ಪು ಒಂದು. ಉದ್ದದ ಲೈನಿನಿಂದ ಶುರು ಮಾಡಿ. ಎಡ ಹಳಿಯ ಮೇಲೆ ಕೆಂಪು, ಬಲ ಹಳಿಯ ಮೇಲೆ ಕಪ್ಪು ಇಡುತ್ತಾ ಹೋಗಿ. ಪಾಯಿಂಟ್ ದಾಟಿ ಗುಂಡಗಿನ ಸುತ್ತು ಪೂರ್ತಿ ಹೋಗಿ, ಮತ್ತೆ ಪಾಯಿಂಟಿಗೆ ಬನ್ನಿ. ಕೆಂಪು ದಾರ ಬಂದು ಕಪ್ಪು ದಾರದ ಹಳಿಗೇ ಸೇರುತ್ತದೆ. ಸುತ್ತಿನ ಹೊರಗಿನ ಹಳಿ ಎಡವಾಗಿ ಹೊರಟು ಬಲವಾಗಿ ವಾಪಸ್ ಬರುತ್ತದೆ. ಅಂದರೆ ಪ್ಲಸ್ ನೇರವಾಗಿ ಮೈನಸ್ಸಿಗೆ ತಾಗಿತು. ಕಂಟ್ರೋಲರ್ ತನ್ನನ್ನು ಉಳಿಸಿಕೊಳ್ಳಲು ಬಂದ್ ಆಗುತ್ತದೆ. ಅದು ಒಳ್ಳೆಯ ಕಂಟ್ರೋಲರ್. ಆದರೆ ಪದೇ ಪದೇ ಹಾಗೆ ಮಾಡಬೇಡಿ, ಬಿಸಿಯಾಗುತ್ತದೆ.

ಇದಕ್ಕೆ ರಿವರ್ಸ್ ಲೂಪ್ ಎನ್ನುತ್ತಾರೆ. ಪರಿಹಾರ ಇದೆ. ಸುತ್ತಿನ ಎರಡೂ ತುದಿಯಲ್ಲಿ, ಎರಡೂ ಹಳಿಯನ್ನು ಕರೆಂಟಿನ ಮಟ್ಟಿಗೆ ಬೇರೆ ಮಾಡಬೇಕು. ಲೋಹದ ಕ್ಲಿಪ್ ತೆಗೆದು ಪ್ಲಾಸ್ಟಿಕ್ ಕ್ಲಿಪ್ ಹಾಕುವುದು, ಇಲ್ಲಾ ಒಂದು ಮಿಲಿಮೀಟರ್ ಸಂದು ಬಿಡುವುದು. ಸುತ್ತಿಗೆ ಕಂಟ್ರೋಲರಿನಿಂದ ನೇರ ತಂತಿ. ಉದ್ದದ ಲೈನಿಗೆ ಬರುವ ತಂತಿಯನ್ನು ಒಂದು ಡಿಪಿಡಿಟಿ ಸ್ವಿಚ್ ಮೂಲಕ ಕೊಡಬೇಕು. ಅದು ಪ್ಲಸ್ ಮೈನಸ್ ಅದಲು ಬದಲು ಮಾಡುವ ಸ್ವಿಚ್. ರೈಲು ಪೂರ್ತಿ ಸುತ್ತಿನೊಳಗೆ ಹೋದ ಮೇಲೆ ಸ್ವಿಚ್ ಒತ್ತಿ, ಪಾಯಿಂಟ್ ತಿರುಗಿಸಿ. ರೈಲು ನಿಲ್ಲದೆ ಹೊರಗೆ ಬಂದು ವಾಪಸ್ ಹೋಗುತ್ತದೆ. ಸುತ್ತು ಮಾತ್ರ ನಿಮ್ಮ ರೈಲಿಗಿಂತ ಉದ್ದ ಇರಬೇಕು.

ಹಳಿ ಎಷ್ಟಿವೆ ಎಣಿಸಿ ಹೇಳುತ್ತೀರಾ? ಬಾಗಿದವು ಎಷ್ಟು, ನೇರ ಎಷ್ಟು. ಎರಡು ಹಳಿಗಳ ನಡುವಿನ ಅಂತರವನ್ನೂ ಸ್ಕೇಲಿನಲ್ಲಿ ಅಳೆಯಿರಿ.

ಕೋಡಿಬಾಗದ ಅಮ್ಮ · ಭಾನುವಾರ, ಬೆಳಿಗ್ಗೆ 7:30

ತಮ್ಮಾ, ದಾರದ ವಿಷಯ ರಾತ್ರಿಯೇ ಮಾಡಿ ನೋಡಿದೆ. ನೀವು ಹೇಳಿದ ಹಾಗೇ ಕೆಂಪು ಬಂದು ಕಪ್ಪಿಗೆ ಸೇರಿತು! ಒಂದು ವಾರದಿಂದ ಯಾವುದೋ ತುಂಡು ಕೆಟ್ಟಿದೆ ಎಂದು ಒಂದೊಂದೇ ಬದಲಿಸುತ್ತಿದ್ದೆ. ಬೆಳಿಗ್ಗೆ ಮಗನಿಗೂ ತೋರಿಸಿದೆ. ಅವನು ಮೂರು ಸಲ ದಾರ ಇಟ್ಟು ನೋಡಿದ.

ಬಾಗಿದ ಹಳಿ 11. ನೇರ 14. ಅಂತರ ಹದಿನಾರೂವರೆ ಮಿಲಿಮೀಟರ್ ಬಂತು. ಮಗ ಒಂದು ಪ್ರಶ್ನೆ ಕೇಳಲು ಹೇಳಿದ್ದಾನೆ: ನಮ್ಮ ನಿಜವಾದ ರೈಲಿನ ಹಳಿ ಇದಕ್ಕಿಂತ ಅಗಲ ಇದೆ ಅಲ್ವಾ, ಇದು ಯಾಕೆ ಕಿರಿದು?

ಸಿರಸಿ ರೈಲುಪ್ರೇಮಿ · ಭಾನುವಾರ, ಬೆಳಿಗ್ಗೆ 8:15

ಅವನ ಕಣ್ಣು ಚುರುಕು! ಅವನು ಹೇಳಿದ್ದು ಸರಿ. ನಿಮ್ಮದು ಎಚ್‌ಒ ಅಳತೆಯ ಸೆಟ್. ನಿಜವಾದ ರೈಲಿನ 87ನೇ ಒಂದು ಭಾಗ. ಯುರೋಪಿನ ಬಹುತೇಕ ಹಳಿಗಳ ಅಂತರ 1435 ಮಿಲಿಮೀಟರ್, ಅದನ್ನು 87ರಿಂದ ಭಾಗಿಸಿದರೆ ಹದಿನಾರೂವರೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದೇ ಲೆಕ್ಕದಲ್ಲಿ ನಮ್ಮದು ಹತ್ತೊಂಬತ್ತು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು ಬರಬೇಕಿತ್ತು. ಅವನಿಗೇ ಭಾಗಾಕಾರ ಮಾಡಲು ಕೊಡಿ.

ಬಾಗಿದ ಹಳಿ 11 ಎಂದರೆ ಒಂದು ಕಳೆದಿದೆ. ಒಂದೊಂದು ತುಂಡು 30 ಡಿಗ್ರಿ ತಿರುಗುತ್ತದೆ. ಪೂರ್ತಿ ಸುತ್ತಿಗೆ 360 ಬೇಕು, ಅಂದರೆ 12. ಹನ್ನೊಂದರಲ್ಲಿ ಎಳೆದು ಕೂಡಿಸಿದರೆ ಕೂಡಬಹುದು, ಆದರೆ ಒಂದೊಂದು ಸಂದಿನಲ್ಲೂ ಸ್ವಲ್ಪ ಸ್ವಲ್ಪ ಮೂಲೆ ಬರುತ್ತದೆ. ಅಲ್ಲೇ ಗಾಲಿ ಹಳಿ ತಪ್ಪುವುದು. ಆರು ತುಂಡು ಸೇರಿಸಿ ಅರ್ಧ ಸುತ್ತು ಮಾಡಿ, ಈ ತುದಿಯಿಂದ ಆ ತುದಿಗೆ ಹಳಿಗಳ ನಡುಮಧ್ಯದಿಂದ ಅಳೆಯಿರಿ.

ಕೋಡಿಬಾಗದ ಅಮ್ಮ · ಭಾನುವಾರ, ಬೆಳಿಗ್ಗೆ 8:50

72 ಸೆಂಟಿಮೀಟರ್.

ಸಿರಸಿ ರೈಲುಪ್ರೇಮಿ · ಭಾನುವಾರ, ಬೆಳಿಗ್ಗೆ 8:52

ಹಾಗಾದರೆ ತ್ರಿಜ್ಯ 36 ಸೆಂಟಿಮೀಟರ್. ನನ್ನ ಹತ್ತಿರ ಅದೇ ಅಳತೆಯ ಎರಡು ತುಂಡು ಹಾಗೇ ಬಿದ್ದಿವೆ. ಕಳಿಸುತ್ತೇನೆ. ಹಣದ ಮಾತು ಎತ್ತಬೇಡಿ.

ಕುಮಟಾ ಹೊಲಿಗೆ ಮಷಿನ್ ರಿಪೇರಿ · ಭಾನುವಾರ, ಮಧ್ಯಾಹ್ನ 1:10

ಹಳಿಯ ವಿಷಯ ಅವರು ಹೇಳಿದರು. ಇಂಜಿನ್ ಬಗ್ಗೆ ನಾನು ಹೇಳುತ್ತೇನೆ. ಆಟದ ರೈಲು ಜಾಸ್ತಿ ನೋಡಿಲ್ಲ, ಆದರೆ ಸಣ್ಣ ಮೋಟಾರ್ ಎಲ್ಲಾ ಕಡೆ ಒಂದೇ.

ಮೊದಲು ಹಳಿ. ತುಕ್ಕು ತೆಗೆಯಲು ಪಾತ್ರೆ ಉಜ್ಜುವ ಸ್ಟೀಲ್ ಉಣ್ಣೆ ಖಂಡಿತ ಬೇಡ. ಅದರ ಪುಡಿ ಕಣ್ಣಿಗೆ ಕಾಣದ ಹಾಗೆ ಹಳಿಯ ಮೇಲೆ ಉಳಿಯುತ್ತದೆ. ಇಂಜಿನ್ ಮೇಲೆ ಬಂದಾಗ ಮೋಟಾರಿನ ಮ್ಯಾಗ್ನೆಟ್ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಮೋಟಾರ್ ಕಥೆ ಮುಗಿಯಿತು. ಮಕ್ಕಳು ಇಂಕ್ ಅಳಿಸುವ ಗಟ್ಟಿ ರಬ್ಬರ್ ಇರುತ್ತದಲ್ಲ, ಅದರಲ್ಲಿ ಹಳಿಯ ಮೇಲ್ಭಾಗ ಉಜ್ಜಿ. ನಂತರ ಐಸೊಪ್ರೊಪೈಲ್ ಆಲ್ಕೊಹಾಲ್ ಬಟ್ಟೆಗೆ ಹಾಕಿ ಒರೆಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಜಿಡ್ಡು ಇರುತ್ತದೆ. ಕಿಟಕಿ ತೆರೆದಿಟ್ಟು ಮಾಡಿ, ಹತ್ತಿರ ಬೆಂಕಿ ಬೇಡ.

ಇಂಜಿನ್ ತಲೆಕೆಳಗು ಮಾಡಿ ಗಾಲಿ ನೋಡಿ. ಗಾಲಿಯ ಅಂಚಿನಲ್ಲಿ ಕಪ್ಪು ಪದರ ಇದ್ದರೆ ಅದೇ ಬಟ್ಟೆಯಲ್ಲಿ ಒರೆಸಿ. ಹಳದಿ ಇಂಜಿನ್ ತಳ್ಳಿದರೆ ಓಡುತ್ತದೆ ಎಂದಿರಿ. ಅದಕ್ಕೆ ಬಹುಶಃ ಇಷ್ಟೇ ಸಾಕು. ಒಂದು ಮಾತು, ಎಣ್ಣೆ ಏನಾದರೂ ಬಿಟ್ಟಿದ್ದೀರಾ?

ಕೋಡಿಬಾಗದ ಅಮ್ಮ · ಭಾನುವಾರ, ಮಧ್ಯಾಹ್ನ 2:00

ಪಕ್ಕದ ಮನೆಯ ಅಜ್ಜಿ ಹೇಳಿದರು ಎಂದು ಎರಡೂ ಇಂಜಿನ್ನಿಗೆ ತೆಂಗಿನೆಣ್ಣೆ ಬಿಟ್ಟಿದ್ದೆ.

ಕುಮಟಾ ಹೊಲಿಗೆ ಮಷಿನ್ ರಿಪೇರಿ · ಭಾನುವಾರ, ಮಧ್ಯಾಹ್ನ 2:20

ನಮ್ಮ ಕಡೆ ಎಲ್ಲದಕ್ಕೂ ಅದೇ ಔಷಧ. ನನ್ನ ಅಂಗಡಿಗೆ ಬರುವ ಹೊಲಿಗೆ ಮಷಿನ್‌ಗಳಲ್ಲಿ ಎಷ್ಟೋ ಹಾಗೇ ಸಿಕ್ಕಿಕೊಂಡಿರುತ್ತವೆ. ತೆಂಗಿನೆಣ್ಣೆ ಗಾಳಿಗೆ ಬಿದ್ದು ಅಂಟಾಗುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ. ಧೂಳು ಹಿಡಿದು ಹಲ್ಲಿನ ಸಂದಿನಲ್ಲಿ ಕೂರುತ್ತದೆ. ಮೇಲಿನ ಕವಚ ತೆಗೆದು, ಹಳೇ ಟೂತ್‌ಬ್ರಷ್ಷಿನಲ್ಲಿ ಎಲ್ಲಾ ತೆಗೆದುಬಿಡಿ. ನಂತರ ಪ್ಲಾಸ್ಟಿಕ್ಕಿಗೆ ಆಗುವ ತೆಳು ಎಣ್ಣೆ, ಸೂಜಿಯ ತುದಿಯಲ್ಲಿ ಒಂದೇ ಹನಿ, ಅಚ್ಚಿನ ಎರಡು ತುದಿಗೆ ಮಾತ್ರ.

ಕೆಂಪು ಇಂಜಿನ್ ಟಕ್ ಟಕ್ ಎನ್ನುವುದು ಎಣ್ಣೆಯಿಂದ ಅಲ್ಲ ಎಂದು ನನ್ನ ಅನುಮಾನ. ಗಾಲಿ ಒಂದು ಸುತ್ತು ಬಂದಾಗ ಒಂದೇ ಸಲ ಟಕ್ ಎನ್ನುತ್ತದಾ? ಹಾಗಿದ್ದರೆ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಹಲ್ಲುಗಾಲಿ ಸೀಳಿದೆ. ಸೀಳು ಬಾಯಿ ಬಿಟ್ಟು ಒಂದು ಹಲ್ಲಿನ ಜಾಗ ಅಗಲವಾಗಿದೆ. ಟಾರ್ಚ್ ಹಿಡಿದು ನೋಡಿ. ಅಂಟು ಹಾಕಬೇಡಿ, ನಿಲ್ಲುವುದಿಲ್ಲ, ಅಚ್ಚೂ ಹಾಳಾಗುತ್ತದೆ.

ಹಳೇ ಪಾಯಿಂಟ್ಸ್‌ಮನ್, ಅಂಕೋಲಾ · ಭಾನುವಾರ, ಸಂಜೆ 6:45

ತಂಗಿ, ನಾನು ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವನು. ಈಗ ನಿವೃತ್ತ. ಮೊಮ್ಮಗ ಓದಿ ಹೇಳಿದ, ಅವನ ಕೈಯಲ್ಲೇ ಬರೆಸುತ್ತಿದ್ದೇನೆ.

ಸಿರಸಿಯವರು ಹಳಿಯಲ್ಲಿ ಸಂದು ಬಿಡಿ ಎಂದದ್ದು ಓದಿ ಖುಷಿಯಾಯಿತು. ನಿಜವಾದ ಹಳಿಯಲ್ಲೂ ಅದೇ ಇದೆ. ಗ್ಲೂಡ್ ಜಾಯಿಂಟ್ ಎನ್ನುತ್ತೇವೆ. ಎರಡು ಹಳಿಯ ತುದಿ ಜೋಡಿಸುವ ಪಟ್ಟಿ, ಫಿಶ್‌ಪ್ಲೇಟ್, ಇರುತ್ತದೆ, ಆದರೆ ನಡುವೆ ಕರೆಂಟ್ ದಾಟದ ಹಾಗೆ ಪದರ ಕೊಟ್ಟಿರುತ್ತಾರೆ. ಹಳಿಯಲ್ಲಿ ಸಣ್ಣ ಕರೆಂಟ್ ಬಿಟ್ಟಿರುತ್ತಾರೆ. ರೈಲು ಬಂದು ನಿಂತರೆ ಗಾಲಿ, ಅಚ್ಚು ಸೇರಿ ಎರಡೂ ಹಳಿಯನ್ನು ಕೂಡಿಸಿಬಿಡುತ್ತವೆ. ರಿಲೇ ಎಂಬ ಕರೆಂಟಿನ ಸ್ವಿಚ್ ಬೀಳುತ್ತದೆ. ಇಲ್ಲಿ ರೈಲು ಇದೆ ಎಂದು ಸಿಗ್ನಲ್ ಕೆಂಪಾಗುತ್ತದೆ. ನಿಮ್ಮ ಮನೆಯಲ್ಲಿ ಕೆಂಪು ದೀಪ ತರುವ ಶಾರ್ಟ್, ನಮ್ಮಲ್ಲಿ ಜನರ ಜೀವ ಕಾಯುವ ಶಾರ್ಟ್. ಮಗನಿಗೆ ಇದನ್ನು ಹೇಳಿ.

ನನ್ನ ಸಂಶಯ ಬೇರೆ. ಗುಂಡಗೆ ಸುತ್ತಿ ಅದೇ ಹಳಿಗೆ ವಾಪಸ್ ಬರುವ ಲೈನ್ ನಮ್ಮ ಕಡೆ ಯಾವ ಸ್ಟೇಷನ್ನಿನಲ್ಲೂ ಹುಡುಗ ನೋಡಿರಲಿಕ್ಕಿಲ್ಲ. "ನಮ್ಮ ಲೈನ್" ಎಂದು ಕರೆಯುತ್ತಾನೆ ಎಂದಿರಿ. ಅವನು ನೋಡಿದ್ದು ಕಾರವಾರ, ಹಾರವಾಡ, ಅಂಕೋಲಾ ಇರಬೇಕು. ಇಲ್ಲಿ ಒಂಟಿ ಹಳಿ. ಅವನು ಯಾಕೆ ಸುತ್ತು ಕೇಳುತ್ತಾನೆ?

ದಾಂಡೇಲಿ ಟೀಚರ್ · ಭಾನುವಾರ, ರಾತ್ರಿ 8:30

ಅಮ್ಮಾ, ಕಾಕಾ ಕೇಳಿದ್ದು ನನಗೂ ಅನ್ನಿಸಿತು. ನಾನು ಮೂರನೇ ಕ್ಲಾಸಿನ ಮಕ್ಕಳಿಗೆ ಕಲಿಸುತ್ತೇನೆ. ಈ ವಯಸ್ಸಿನವರು ಬಾಯಲ್ಲಿ ಹೇಳುವುದು ಒಂದು, ಮನಸ್ಸಿನಲ್ಲಿ ಇರುವುದು ಇನ್ನೊಂದು. ಮಾತು ಅಷ್ಟು ಉದ್ದ ಹೋಗುವುದಿಲ್ಲ, ಅದಕ್ಕೆ. ನೀವು ರಾತ್ರಿ ಅವನು ಮಲಗಿದ ಮೇಲೆ ಜೋಡಿಸುತ್ತೀರಿ. ಬೆಳಿಗ್ಗೆ ಎದ್ದಾಗ ಎಲ್ಲಾ ಸರಿಯಾಗಿರಲಿ ಎಂಬ ಆಸೆ ನಿಮ್ಮದು, ಅದು ತಿಳಿಯುತ್ತದೆ. ಆದರೆ ಒಂದು ದೊಡ್ಡ ಹಾಳೆ, ಕ್ರೇಯಾನ್ ಕೊಟ್ಟು ಅವನನ್ನೇ ಬಿಡಿಸಲು ಹೇಳಿ. ಪಕ್ಕದಲ್ಲಿ ಕೂತು ಬರೀ ನೋಡಿ. ನಡುವೆ ಪ್ರಶ್ನೆ ಕೇಳಬೇಡಿ.

ಕೋಡಿಬಾಗದ ಅಮ್ಮ · ಸೋಮವಾರ, ರಾತ್ರಿ 9:15

ಇವತ್ತು ಸಂಜೆ ಹಾಗೇ ಮಾಡಿದೆ. ಹಳೇ ಕ್ಯಾಲೆಂಡರಿನ ಹಿಂದೆ ಬಿಡಿಸಿದ.

ಮೊದಲು ಮೊಟ್ಟೆಯಾಕಾರದ ಒಂದು ದೊಡ್ಡ ಸುತ್ತು. ಒಂದು ಬದಿಯಲ್ಲಿ ಗುಡ್ಡ, ಸುರಂಗ. ಇನ್ನೊಂದು ಬದಿಯಲ್ಲಿ ನೀಲಿ ಬಣ್ಣ ಬಳಿದು ಕಾಳಿ ನದಿ ಎಂದ. ನಡುವೆ ಉದ್ದದ ಭಾಗದಲ್ಲಿ ಒಂದು ಹಳಿ ಎರಡಾಯಿತು, ಸ್ವಲ್ಪ ದೂರ ಹೋಗಿ ಮತ್ತೆ ಒಂದಾಯಿತು. ಅಲ್ಲಿ ಒಂದು ಚೌಕ ಬಿಡಿಸಿ ಸ್ಟೇಷನ್ ಎಂದು ಬರೆದ. ಒಂದು ಹಳಿಯ ಮೇಲೆ ಕೆಂಪು ರೈಲು, ಇನ್ನೊಂದರ ಮೇಲೆ ಹಳದಿ ರೈಲು.

"ರೈಲು ಹೋಗಿ ವಾಪಸ್ ಬರೋದು ಎಲ್ಲಿ?" ಎಂದು ಆಮೇಲೆ ಕೇಳಿದೆ. ನನ್ನ ಮುಖ ನೋಡಿ ಹೇಳಿದ: "ಅಮ್ಮಾ, ವಾಪಸ್ ಬರೋದು ಅದೇ ರೈಲಲ್ಲ. ಬೇರೆ ರೈಲು. ಆ ಕಡೆಯಿಂದ ಬರೋದು. ನಾವು ಕಾಯ್ಬೇಕು."

ಆಗ ನನಗೆ ನೆನಪಾಯಿತು. ಅಣ್ಣ ಬಂದಾಗ ನಾವೆಲ್ಲಾ ಭಟ್ಕಳಕ್ಕೆ ಮದುವೆಗೆ ರೈಲಿನಲ್ಲಿ ಹೋಗಿದ್ದೆವು. ಹೋಗುವಾಗ ಹಾರವಾಡದಲ್ಲಿ ತುಂಬಾ ಹೊತ್ತು ನಿಲ್ಲಿಸಿದ್ದರು. ಸೆಖೆ, ಎಲ್ಲರೂ ಗೊಣಗುತ್ತಿದ್ದರು. ಅಣ್ಣ ಅವನನ್ನು ಎತ್ತಿಕೊಂಡು ಕಿಟಕಿಯಲ್ಲಿ ತೋರಿಸುತ್ತಿದ್ದ: ಈಗ ಬರುತ್ತದೆ ನೋಡು, ಈಗ ಬರುತ್ತದೆ. ಎದುರಿನ ರೈಲು ಧಡಧಡ ಎಂದು ಪಕ್ಕದಲ್ಲೇ ಹೋಯಿತು. ಇವನು ಚಪ್ಪಾಳೆ ತಟ್ಟಿದ. ಶರಾವತಿ ಸೇತುವೆ ಎರಡು ಕಿಲೋಮೀಟರ್ ಉದ್ದ, ಅದರ ಮೇಲೆ ಹೋದದ್ದು ಅವನಿಗೆ ನೆನಪಿಲ್ಲ. ಆ ಕಾದದ್ದು ನೆನಪಿದೆ. ಅಣ್ಣ ಮನೆಗೆ ಬಂದು ಅದನ್ನೇ ಜೋಡಿಸಿಕೊಟ್ಟಿದ್ದಾನೆ. ನಾನು ಅಡುಗೆಮನೆ, ಕೆಲಸ ಎಂದು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಹಳೇ ಪಾಯಿಂಟ್ಸ್‌ಮನ್, ಅಂಕೋಲಾ · ಸೋಮವಾರ, ರಾತ್ರಿ 9:50

ಕ್ರಾಸಿಂಗ್! ಹುಡುಗ ಕೇಳಿದ್ದು ಕ್ರಾಸಿಂಗ್.

ತಂಗಿ, ನನಗೆ ಕಣ್ಣಲ್ಲಿ ನೀರು ಬಂತು. ನಮ್ಮ ಕೆಲಸವೇ ಅದಾಗಿತ್ತು. 1998ರ ಜನವರಿ 26ಕ್ಕೆ ಕೊಂಕಣ ರೈಲ್ವೆಯ ಪೂರ್ತಿ ಲೈನ್ ಶುರುವಾದ ಮೇಲೆ ಮುಂಬೈ ಕಡೆಯ ಗಾಡಿ, ಮಂಗಳೂರು ಕಡೆಯ ಗಾಡಿ, ಗೂಡ್ಸ್, ಲಾರಿಗಳನ್ನು ಹೊತ್ತ ರೋರೋ ಗಾಡಿ, ಎಲ್ಲಾ ಈ ಒಂದೇ ಹಳಿಯಲ್ಲಿ. ಒಂದನ್ನು ಲೂಪಿಗೆ, ಅಂದರೆ ಸ್ಟೇಷನ್ನಿನ ಪಕ್ಕದ ಹಳಿಗೆ, ಹಾಕಬೇಕು, ಇನ್ನೊಂದನ್ನು ಬಿಡಬೇಕು. ಒಳಗೆ ಕೂತವರು ಬೈಯುತ್ತಾರೆ. ಮಳೆಯಲ್ಲಿ ಬಾವುಟ, ಲ್ಯಾಂಪ್ ಹಿಡಿದು ನಿಂತವನನ್ನು ಯಾರೂ ನೋಡುವುದಿಲ್ಲ. ಒಂದು ಮಗು ಅದನ್ನು ನೋಡಿ ಎರಡು ವರ್ಷ ನೆನಪಿಟ್ಟುಕೊಂಡಿದೆ.

ಅವನಿಗೆ ಹೇಳಿ, ನಿಲ್ಲದ ಗಾಡಿಗೆ ಮೇನ್ ಲೈನ್ ಕೊಡುವುದು. ಕಾಯುವ ಗಾಡಿ ಲೂಪ್ ಲೈನಿನಲ್ಲಿ. ಲೂಪಿಗೆ ಬರುವಾಗ ಪಾಯಿಂಟ್ ಮೇಲೆ ನಿಧಾನ ಬರಬೇಕು. ಪೂರ್ತಿ ಒಳಗೆ ಬಂತೇ, ಕೊನೆಯ ಬೋಗಿ ಬಂತೇ ಎಂದು ನೋಡಿದ ಮೇಲೇ ಪಾಯಿಂಟ್ ತಿರುಗಿಸಬೇಕು. ಕೊನೆಯ ಬೋಗಿಯ ಹಿಂದೆ ಎಲ್ ವಿ ಎಂಬ ಬೋರ್ಡ್ ಇರುತ್ತದೆ, ಲಾಸ್ಟ್ ವೆಹಿಕಲ್. ಅದು ಕಾಣದಿದ್ದರೆ ಗಾಡಿ ಪೂರ್ತಿ ಬಂದಿಲ್ಲ ಎಂದೇ ಲೆಕ್ಕ.

ಸಿರಸಿ ರೈಲುಪ್ರೇಮಿ · ಸೋಮವಾರ, ರಾತ್ರಿ 10:30

ಅಕ್ಕ, ಇದು ರಿವರ್ಸ್ ಲೂಪಿಗಿಂತ ಎಷ್ಟೋ ಸುಲಭ! ನಾನೂ ನಿಮ್ಮ ಮಾತು ನಂಬಿ ಡಿಪಿಡಿಟಿ ಸ್ವಿಚ್ ತನಕ ಹೋಗಿಬಿಟ್ಟೆ. ಅದು ಬೇಡ. ಕ್ರಾಸಿಂಗ್ ಲೂಪಿನಲ್ಲಿ ಎಡ ಹಳಿ ಕೊನೆಯ ತನಕ ಎಡವೇ, ಬಲ ಹಳಿ ಬಲವೇ. ದಾರ ಇಟ್ಟು ನೋಡಿ, ಕೆಂಪು ಕಪ್ಪು ಎಲ್ಲೂ ಸೇರುವುದಿಲ್ಲ. ಶಾರ್ಟ್ ಇಲ್ಲ. ನಿಮ್ಮ ಎರಡು ಪಾಯಿಂಟ್‌ಗಳಲ್ಲಿ ಒಂದು ಎಡಕ್ಕೆ, ಒಂದು ಬಲಕ್ಕೆ ಕವಲೊಡೆಯುತ್ತದೆ ತಾನೇ? ಸೆಟ್ ಬಂದಿರುವುದೇ ಇದಕ್ಕೆ.

ಉಳಿದದ್ದು ಒಂದೇ. ಕಂಟ್ರೋಲರ್ ಒಂದು, ರೈಲು ಎರಡು. ಗುಂಡಿ ತಿರುಗಿಸಿದರೆ ಎರಡೂ ಒಟ್ಟಿಗೆ ಹೊರಡುತ್ತವೆ. ಕಾಯುವ ರೈಲಿಗೆ ಕರೆಂಟ್ ಹೋಗಬಾರದು. ಹಲವು ಕಂಪನಿಗಳ ಪಾಯಿಂಟ್‌ಗಳು ಈ ಕೆಲಸ ತಾವೇ ಮಾಡುತ್ತವೆ. ಯಾವ ಕಡೆ ತಿರುಗಿದೆಯೋ ಆ ಲೈನಿಗೆ ಮಾತ್ರ ಕರೆಂಟ್ ಬಿಡುತ್ತವೆ. ಪರೀಕ್ಷೆ ಹೀಗೆ: ಕಂಟ್ರೋಲರಿನ ತಂತಿಯನ್ನು ಸ್ಟೇಷನ್ನಿನ ಒಳಗೆ ಕೊಡಬೇಡಿ, ಹೊರಗಿನ ಒಂಟಿ ಹಳಿಗೆ ಕೊಡಿ. ಎರಡೂ ಪಾಯಿಂಟ್ ಮೇನ್ ಲೈನಿಗೆ ತಿರುಗಿಸಿ. ಲೂಪಿನಲ್ಲಿ ಇಂಜಿನ್ ಇಟ್ಟು ಗುಂಡಿ ತಿರುಗಿಸಿ. ಅಲುಗಾಡದಿದ್ದರೆ ನಿಮ್ಮ ಪಾಯಿಂಟ್ ಆ ಜಾತಿಯದು, ಬೇರೆ ಏನೂ ಬೇಡ. ಓಡಿದರೆ ಎರಡೂ ಲೈನಿನಲ್ಲಿ ಒಂದೇ ಬದಿಯ ಹಳಿಗೆ, ಎರಡೂ ತುದಿಯಲ್ಲಿ ಸಂದು ಬಿಟ್ಟು, ಮನೆಯ ಲೈಟಿಗೆ ಇರುವಂಥ ಮಾಮೂಲಿ ಸ್ವಿಚ್ ಒಂದೊಂದು ಹಾಕಿದರಾಯಿತು.

ಓಡಿಸುವ ಕ್ರಮ: ಕೆಂಪು ರೈಲು ಸುತ್ತು ಹೊಡೆದು ಲೂಪಿಗೆ ಬಂದು ನಿಲ್ಲಲಿ. ಎರಡೂ ಪಾಯಿಂಟ್ ಮೇನ್ ಲೈನಿಗೆ ತಿರುಗಿಸಿ. ಕಂಟ್ರೋಲರಿನಲ್ಲಿ ದಿಕ್ಕು ಬದಲಿಸಿ. ಈಗ ಹಳದಿ ರೈಲು ಎದುರು ದಿಕ್ಕಿಗೆ ಹೊರಡುತ್ತದೆ. ಅದು ಸುತ್ತಿ ವಾಪಸ್ ಬರುವಾಗ ಕೆಂಪು ರೈಲಿನ ಪಕ್ಕದಲ್ಲೇ ಹಾದುಹೋಗುತ್ತದೆ. ಅದೇ ಅವನ ಹಾರವಾಡ.

ಕೋಡಿಬಾಗದ ಅಮ್ಮ · ಮಂಗಳವಾರ, ರಾತ್ರಿ 8:40

ಲೂಪಿನಲ್ಲಿ ಇಂಜಿನ್ ಅಲುಗಾಡಲಿಲ್ಲ! ನಮ್ಮ ಪಾಯಿಂಟ್ ಆ ಜಾತಿಯದೇ. ಹಳದಿ ಇಂಜಿನ್ ರಬ್ಬರ್, ಆಲ್ಕೊಹಾಲ್ ಆದ ಮೇಲೆ ಈಗ ಕೈ ತಾಗಿಸದೆ ಓಡುತ್ತಿದೆ. ಹಳಿ ಮಗನೇ ಉಜ್ಜಿದ, 25 ತುಂಡು, ಎರಡು ದಿನ.

ಕೆಂಪು ಇಂಜಿನ್ನಿನ ಹಲ್ಲುಗಾಲಿ ಸೀಳಿದೆ. ಟಾರ್ಚಿನಲ್ಲಿ ಕೂದಲಿನಷ್ಟು ಗೆರೆ ಕಾಣುತ್ತದೆ. ಎರಡು ರೈಲು ಇಲ್ಲದೆ ಕ್ರಾಸಿಂಗ್ ಹೇಗೆ?

ಕುಮಟಾ ಹೊಲಿಗೆ ಮಷಿನ್ ರಿಪೇರಿ · ಮಂಗಳವಾರ, ರಾತ್ರಿ 9:05

ಅಕ್ಕ, ಇಂಜಿನ್ ನನಗೆ ಕಳಿಸಿ. ಹತ್ತಿಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಬಸ್ಸಿಗೆ ಕೊಡಿ. ನಾನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತೇನೆ. ನನ್ನ ಪಕ್ಕದ ಅಂಗಡಿಯವರು ಬಂಗಾರದ ಕೆಲಸದವರು. ಹಲ್ಲುಗಾಲಿಯ ಪಕ್ಕದಲ್ಲಿ ಹಲ್ಲಿಲ್ಲದ ಗುಬುಟು ಇದ್ದರೆ ಅದರ ಮೇಲೆ ಬಿಗಿಯಾಗಿ ಕೂರುವ ಹಿತ್ತಾಳೆ ಉಂಗುರ ಮಾಡಿಸುತ್ತೇನೆ. ಸೀಳು ಮುಚ್ಚಿಕೊಳ್ಳುತ್ತದೆ. ಎಷ್ಟು ವರ್ಷ ಬರುತ್ತದೆ ಎಂದು ಮಾತು ಕೊಡಲಾರೆ. ಹೊಸ ಹಲ್ಲುಗಾಲಿ ಸಿಕ್ಕರೆ ಅದೇ ಒಳ್ಳೆಯದು, ನಿಮ್ಮ ಅಣ್ಣನಿಗೂ ಹೇಳಿಡಿ.

ಹೊನ್ನಾವರ ಅಪ್ಪ · ಮಂಗಳವಾರ, ರಾತ್ರಿ 9:30

ಅಕ್ಕ, ಮೊದಲ ದಿನ ಹೊಸದು ತನ್ನಿ ಎಂದಿದ್ದೆ. ಆ ಮಾತು ವಾಪಸ್. ನಾನೂ ಮಗಳಿಗೆ ಹಾಳೆ ಕೊಟ್ಟು ಬಿಡಿಸಲು ಹೇಳಿದೆ. ಅವಳು ರೈಲು ಬಿಡಿಸಲೇ ಇಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತ ಅವಳ ಅಜ್ಜಿಯನ್ನು ಬಿಡಿಸಿದಳು. ಈ ಶನಿವಾರ ಅವಳನ್ನು ಊರಿಗೆ ಕರೆದುಕೊಂಡು ಹೋಗುತ್ತಿದ್ದೇನೆ.

ಕೋಡಿಬಾಗದ ಅಮ್ಮ · ಮುಂದಿನ ಭಾನುವಾರ, ಸಂಜೆ 7:20

ಎಲ್ಲಾ ಬಂತು. ಸಿರಸಿಯಿಂದ ಎರಡು ಬಾಗಿದ ಹಳಿ, ಕುಮಟಾದಿಂದ ಕೆಂಪು ಇಂಜಿನ್. ಆ ಉಂಗುರ ಎಷ್ಟು ಸಣ್ಣದು! ಮಗ ಭೂತಕನ್ನಡಿ ಹಿಡಿದು ನೋಡಿ, "ಇಂಜಿನ್ನಿಗೆ ಉಂಗುರ ಹಾಕಿದ್ದಾರೆ" ಎಂದು ಓಣಿಗೆಲ್ಲಾ ಹೇಳಿ ಬಂದ.

ಈ ಸಲ ಹಗಲಿನಲ್ಲಿ, ಇಬ್ಬರೂ ಸೇರಿ ಜೋಡಿಸಿದೆವು. 12 ಬಾಗಿದ ಹಳಿ ಹಾಕಿದಾಗ ಸುತ್ತು ತಾನಾಗಿ ಕೂಡಿಕೊಂಡಿತು. ಎಳೆಯುವುದು, ಒತ್ತುವುದು ಏನೂ ಬೇಕಾಗಲಿಲ್ಲ. ಉಳಿದ ಒಂದನ್ನು ಮಗ ಜೋಪಾನವಾಗಿ ಇಟ್ಟಿದ್ದಾನೆ. ಸುರಂಗಕ್ಕೆ ರಟ್ಟಿನ ಡಬ್ಬಿ. 2022ರಿಂದ ನಮ್ಮ ಲೈನಿನಲ್ಲಿ ಕರೆಂಟ್ ಗಾಡಿ ಓಡುತ್ತದಲ್ಲ, ಹಾಗಾಗಿ ಮೇಲೆ ತಂತಿ ಬೇಕೇ ಬೇಕು ಎಂದ. ಐಸ್‌ಕ್ರೀಂ ಕಡ್ಡಿ ನಿಲ್ಲಿಸಿ ಬಿಳಿ ದಾರ ಕಟ್ಟಿದೆವು.

ಮಧ್ಯಾಹ್ನ ಮೂರು ಗಂಟೆಗೆ ಕೆಂಪು ರೈಲು ಲೂಪಿಗೆ ಬಂದು ನಿಂತಿತು. ಕೊನೆಯ ಬೋಗಿಗೆ ಅವನು ಎಲ್ ವಿ ಎಂದು ಚೀಟಿ ಅಂಟಿಸಿದ್ದಾನೆ. ಅದನ್ನು ನೋಡಿ, ಪಾಯಿಂಟ್ ತಿರುಗಿಸಿ, ಕೈ ಎತ್ತಿದ. ನಾನು ದಿಕ್ಕು ಬದಲಿಸಿದೆ. ಹಳದಿ ರೈಲು ಹೊರಟಿತು. ಸುರಂಗದಿಂದ ಹೊರಗೆ ಬಂದು, ಕಾಳಿ ದಾಟಿ, ಕೆಂಪು ರೈಲಿನ ಪಕ್ಕದಲ್ಲಿ ಹಾದುಹೋಗುವಾಗ ಅವನು ನೆಲಕ್ಕೆ ಕೆನ್ನೆ ಇಟ್ಟು ಮಲಗಿ ನೋಡುತ್ತಿದ್ದ.

ಆಮೇಲೆ ಅಜ್ಜನಿಗೆ ಒಂದು ಪ್ರಶ್ನೆ ಕೇಳಲು ಹೇಳಿದ್ದಾನೆ: ಎರಡೂ ಗಾಡಿ ಒಟ್ಟಿಗೆ ಬಂದರೆ ಮೊದಲು ಯಾರನ್ನು ಒಳಗೆ ಬಿಡಬೇಕು?

ಹಳೇ ಪಾಯಿಂಟ್ಸ್‌ಮನ್, ಅಂಕೋಲಾ · ಭಾನುವಾರ, ರಾತ್ರಿ 8:00

ಮಗಾ, ಅದನ್ನು ನಿರ್ಧಾರ ಮಾಡುವುದು ನಾನಲ್ಲ, ಸ್ಟೇಷನ್ ಮಾಸ್ಟರ್ರು, ಕಂಟ್ರೋಲ್ ಆಫೀಸಿನಲ್ಲಿ ಕೇಳಿಕೊಂಡು. ಒಂದನ್ನು ಹೋಮ್ ಸಿಗ್ನಲ್ (ಸ್ಟೇಷನ್ ಒಳಗೆ ಬರಲು ಅಪ್ಪಣೆ ಕೊಡುವ ಸಿಗ್ನಲ್) ಹೊರಗೆ ನಿಲ್ಲಿಸಿ, ಇನ್ನೊಂದನ್ನು ಲೂಪಿಗೆ ತೆಗೆದುಕೊಳ್ಳಬೇಕು. ಅದು ಪೂರ್ತಿ ನಿಂತ ಮೇಲೆ ಹೊರಗಿನದ್ದಕ್ಕೆ ಮೇನ್ ಲೈನ್ ಕೊಡಬೇಕು. ನಿನ್ನ ಮನೆಯಲ್ಲಿ ಹೋಮ್ ಸಿಗ್ನಲ್ ಎಲ್ಲಿ ಇಟ್ಟಿದ್ದೀಯಾ? ಇಟ್ಟಿಲ್ಲದಿದ್ದರೆ ಪಾಯಿಂಟಿನಿಂದ ಎರಡು ಹಳಿ ತುಂಡು ಹಿಂದೆ ಇಡು. ಮುಂದಿನ ವಾರ ಕಾರವಾರಕ್ಕೆ ಬರುವವನಿದ್ದೇನೆ. ಅಮ್ಮ ಹ್ಞೂಂ ಎಂದರೆ ನನ್ನ ಹಳೇ ಹಸಿರು ಬಾವುಟ ತರುತ್ತೇನೆ.

ಕೋಡಿಬಾಗದ ಅಮ್ಮ · ಭಾನುವಾರ, ರಾತ್ರಿ 8:04

ಖಂಡಿತ ಬನ್ನಿ ಕಾಕಾ. ಊಟಕ್ಕೇ ಬನ್ನಿ. ಅವನು ಈಗಲೇ ಐಸ್‌ಕ್ರೀಂ ಕಡ್ಡಿ ಹುಡುಕುತ್ತಿದ್ದಾನೆ, ಸಿಗ್ನಲ್ಲಿಗೆ.